ಮುದ್ದಣ್ಣನ ಹೆಚ್ಚುವರಿ ಎರಡು ಕಿಲೋ

ಉದ್ಯಾವರದ ಹಗ್ಗಜಗ್ಗಾಟದ ತಂಡಕ್ಕೆ ಮುದ್ದಣ್ಣನನ್ನು ಸೇರಿಸಿಕೊಂಡದ್ದು ಅವನ ಬಲ ನೋಡಿ ಅಲ್ಲ, ಅನುಭವ ನೋಡಿಯೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈಗ ಅವನು ಊರಿಡೀ ಬೇರೆಯೇ ಕಾರಣ ಹೇಳಿಕೊಂಡು ತಿರುಗುತ್ತಿದ್ದಾನೆ. ಅವನು ಸರಿಯಾಗಿ ಅರವತ್ತು ಕಿಲೋ ಇದ್ದ. ಅಷ್ಟೇ ಕಾರಣ.

ನಮ್ಮ ಕರಾವಳಿಯಲ್ಲಿ ಹಗ್ಗ ಎಳೆಯುವುದೆಂದರೆ ದಾರಿಯಲ್ಲಿ ಹೋಗುವವರೆಲ್ಲ ಬಂದು ಕೈಹಾಕುವ ಕೆಲಸವಲ್ಲ. ಕಾಪುವಿನ ಪಂದ್ಯದಲ್ಲಿ ಎಂಟು ಜನ ಎಳೆಯಬೇಕು, ಎಂಟು ಜನರ ಒಟ್ಟು ತೂಕ ಐನೂರ ಇಪ್ಪತ್ತು ಕಿಲೋ ದಾಟಬಾರದು. ಪಂದ್ಯದ ದಿನ ಎಲ್ಲರ ಕಣ್ಣೆದುರೇ ತೂಗುತ್ತಾರೆ. ಹೆಚ್ಚಾದರೆ ಭಾರದವನನ್ನು ಇಳಿಸಿ ಹಗುರದವನನ್ನು ಸೇರಿಸಬೇಕು. ಅಂಥವನು ಸಿಗದಿದ್ದರೆ ಏಳೇ ಜನ ಎಳೆದು ಮಾನ ಕಳೆದುಕೊಳ್ಳಬೇಕು. ಉದ್ಯಾವರದ ಏಳು ಆಳುಗಳು ಆಗಲೇ ನಾನೂರ ಅರವತ್ತು ಕಿಲೋ ತುಂಬಿಸಿ ಕೂತಿದ್ದರು. ಉಳಿದ ಅರವತ್ತಕ್ಕೆ ಒಬ್ಬ ಮನುಷ್ಯ ಬೇಕಾಗಿದ್ದ.

ತಂಡದ ಮ್ಯಾನೇಜರ್ ಪಾಸ್ಕಲ್‌ಗೆ ಆದಿ ಉಡುಪಿಯ ಮಾರ್ಕೆಟ್ ಯಾರ್ಡಿನಲ್ಲಿ ತೆಂಗಿನಕಾಯಿಯ ವ್ಯಾಪಾರ. ಯಾರನ್ನು ಕಂಡರೂ ಹೆಸರು ಕೇಳುವ ಮೊದಲು ತೂಕ ಅಂದಾಜು ಮಾಡುವುದು ಅವನ ಅಭ್ಯಾಸ. ಒಂದು ದಿನ ಸೊಸೈಟಿಗೆ ಹೋದವನು ಕೌಂಟರಿನ ಹಿಂದೆ ಕೂತಿದ್ದ ಕ್ಲರ್ಕ್ ಮುದ್ದಣ್ಣನನ್ನು ಕಂಡು, ಬಂದ ಕೆಲಸವನ್ನೇ ಮರೆತು, ಒಮ್ಮೆ ಎದ್ದು ನಿಲ್ಲಲು ಹೇಳಿದ. ಮುದ್ದಣ್ಣ ಎದ್ದು ನಿಂತ. ಆ ಸಂಜೆಗೆ ಅವನು ಆಟಗಾರನಾಗಿದ್ದ.

ನಲವತ್ತೆಂಟು ವರ್ಷದ ಬಾಳಿನಲ್ಲಿ ಅವನನ್ನು ಯಾರೂ ಯಾವುದಕ್ಕೂ ಆರಿಸಿರಲಿಲ್ಲ. ಶಾಲೆಯ ಕಬಡ್ಡಿಯಲ್ಲಿ ಅವನು ಎಲ್ಲರ ಅಂಗಿ ಹಿಡಿದುಕೊಂಡು ನಿಂತವನು. ಅದರ ಮೇಲೆ ಇನ್ನೊಂದು ಸಂಕಟವಿತ್ತು. ಅವನ ಹೆಂಡತಿ ಬೇಬಿಯ ತವರು ಎರ್ಮಾಳು. ಕಾಪುವಿನಲ್ಲಿ ವರ್ಷ ವರ್ಷವೂ ಉದ್ಯಾವರವನ್ನು ಮಣ್ಣು ಮುಕ್ಕಿಸುವುದು ಎರ್ಮಾಳಿನ ತಂಡ. ಆ ತಂಡದ ಕ್ಯಾಪ್ಟನ್ ಬೇಬಿಯ ತಮ್ಮ ಕೀರ್ತನ್. ದುಬೈಯಲ್ಲಿ ಕೆಲಸ, ರಜೆ ಹಾಕುವುದೇ ಈ ಪಂದ್ಯ ನೋಡಿಕೊಂಡು. ಅತ್ತೆಮನೆಯಲ್ಲಿ ಕೋಳಿ ಸಾರಿನ ಜೊತೆ ಕೋರಿರೊಟ್ಟಿ ಬಡಿಸುವಾಗ ಅವನು "ಬಾವನಿಗೆ ಇನ್ನೊಂದು ಹಾಕಿ, ಉದ್ಯಾವರದವರಿಗೆ ಶಕ್ತಿ ಕಡಿಮೆ" ಎನ್ನುತ್ತಿದ್ದ. ಮುದ್ದಣ್ಣ ನಕ್ಕಹಾಗೆ ಮಾಡಿ ನುಂಗುತ್ತಿದ್ದ. ಒಂದೇ ಒಂದು ಸಲ ಎರ್ಮಾಳನ್ನು ಸೋಲಿಸಬೇಕು, ಆಗ ಹಗ್ಗದ ಮೇಲೆ ತನ್ನ ಕೈಯಿರಬೇಕು ಎಂಬುದು ಅವನ ಆಸೆ. ದೇವರಲ್ಲಿ ಕೂಡ ಅವನು ಇದಕ್ಕಿಂತ ದೊಡ್ಡದನ್ನು ಕೇಳಿದವನಲ್ಲ.

ಅಭ್ಯಾಸ ಶುರುವಾದ ವಾರದಲ್ಲೇ ಅವನ ಬಲ ಮೊಣಕಾಲು ಹಿಡಿದುಕೊಂಡಿತು. ಇಷ್ಟು ವರ್ಷ ಕುರ್ಚಿಯಲ್ಲಿ ಮಡಚಿಟ್ಟ ಕಾಲು, ಅದರದ್ದೇನು ತಪ್ಪು? ಆದರೆ ಮುದ್ದಣ್ಣ ಅದನ್ನು ಯಾರಿಗೂ ಹೇಳಲಿಲ್ಲ. ತಂಡದ ಹುಡುಗರು ಕೇಳಿದಾಗ, ನೋವೆಂಬುದು ತನ್ನ ಜಾತಕದಲ್ಲೇ ಇಲ್ಲ ಎಂದುಬಿಟ್ಟ. ಮನೆಯ ಮೆಟ್ಟಿಲನ್ನು ಮಾತ್ರ ಅಡ್ಡಡ್ಡ ಹತ್ತುತ್ತಿದ್ದ.

ಅಕ್ಕನನ್ನು ನೋಡಲು ಬಂದ ಕೀರ್ತನ್ ಈ ಅಡ್ಡನಡೆಯನ್ನು ನೋಡಿದ. ವಾಡಿಕೆಯಂತೆ ಅವನು ಗಲ್ಫಿನ ಬಿಸ್ಕತ್ತಿನ ದೊಡ್ಡ ಡಬ್ಬಿಯೊಂದನ್ನು ತಂದಿದ್ದ. ಅದರಲ್ಲಿ ಸಾಬೂನು, ತಲೆನೋವಿನ ಎಣ್ಣೆ, ಚಾಕಲೇಟು, ಹಾಲಿನ ಪುಡಿ, ಇವುಗಳ ನಡುವೆ ನೋವಿನ ಮಾತ್ರೆಯ ಕಟ್ಟುಗಳು. ನಮ್ಮ ಕಡೆ ಗಲ್ಫಿನಿಂದ ಬಂದವರು ಕೊಡುವ ಮಾತ್ರೆಯನ್ನು ಯಾರೂ ಔಷಧಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಾಕಲೇಟಿನ ಜೊತೆ ಬಂದದ್ದು ಹೇಗೆ ಔಷಧಿಯಾದೀತು?

"ಅಭ್ಯಾಸಕ್ಕೆ ಅರ್ಧ ಗಂಟೆ ಮೊದಲು ಒಂದು ಹಾಕಿ ಬಾವ," ಎಂದ ಕೀರ್ತನ್. "ನೋವು ಹತ್ತಿರ ಬರುವುದಿಲ್ಲ. ನಮ್ಮ ತಂಡದಲ್ಲಿ ಎಲ್ಲರೂ ಹಾಕುವುದು ಇದನ್ನೇ."

ಅವನು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ. ಮುಂದೆ ಉದ್ಯಾವರದಲ್ಲಿ ಅವನ ಬಗ್ಗೆ ಹುಟ್ಟಿದ ಮಾತುಗಳನ್ನು ಕೇಳಿದವರು ಇದನ್ನು ನೆನಪಿಡಬೇಕು.

ಮಾತ್ರೆ ನುಂಗಿದ ಮುದ್ದಣ್ಣ ಬೇರೆಯೇ ಮನುಷ್ಯನಾದ. ಮೊಣಕಾಲು ಇದೆಯೆಂಬುದೇ ಮರೆತುಹೋಯಿತು. ಎಲ್ಲರೂ ಕೂತ ಮೇಲೂ ಅವನೊಬ್ಬ ಹಗ್ಗ ಹಿಡಿದು ತೆಂಗಿನ ಮರವನ್ನು ಎಳೆಯುತ್ತಿದ್ದ. ಮೊದಲು ಸಂಜೆಗೊಂದು ಹಾಕುತ್ತಿದ್ದವನು ಆಮೇಲೆ ಬೆಳಗ್ಗೆಗೂ ಒಂದು ಸೇರಿಸಿದ, ಮತ್ತೆ ಸಂಜೆಯದ್ದನ್ನು ಎರಡು ಮಾಡಿದ. ಬೇಬಿಗೆ ಹೇಳಲಿಲ್ಲ. ಹೇಳುವಂಥದ್ದು ಅದರಲ್ಲೇನೂ ಅವನಿಗೆ ಕಂಡಿರಲಿಲ್ಲ.

ಭಾನುವಾರ ತಂಡದವರೆಲ್ಲ ಯಾರ್ಡಿಗೆ ಹೋಗಿ ಪಾಸ್ಕಲನ ತೂಕದ ಯಂತ್ರದ ಮೇಲೆ ತೆಂಗಿನಕಾಯಿ ಮೂಟೆಗಳ ಸಾಲಿನಲ್ಲೇ ನಿಂತು ತೂಗಿಸಿಕೊಳ್ಳಬೇಕು. ಮುದ್ದಣ್ಣ ಹತ್ತಿದಾಗ ಯಂತ್ರ ಅರವತ್ತೊಂದು ತೋರಿಸಿತು. ಪಾಸ್ಕಲ್ ಚಪ್ಪಲಿ ತೆಗೆಸಿದ. ಮುಂದಿನ ಭಾನುವಾರ ಅರವತ್ತೆರಡು. ಪಾಸ್ಕಲ್ ಯಂತ್ರವನ್ನು ಬಟ್ಟೆಯಲ್ಲಿ ಒರೆಸಿ, ಮುದ್ದಣ್ಣನ ಅಂಗಿ ಬಿಚ್ಚಿಸಿ, ಅವನ ಜೇಬಿನ ಬಸ್ ಟಿಕೆಟನ್ನೂ ತೆಗೆಸಿ, ಮತ್ತೆ ಹತ್ತಿಸಿದ. ಅರವತ್ತೆರಡೇ. ಕೊನೆಗೆ ಒಂದು ಮೂಟೆಯನ್ನು ಹತ್ತಿಸಿ ಯಂತ್ರ ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡು, ಎಂತ ತಿಂದದ್ದೆಂದು ಕೇಳಿದ. ಮುದ್ದಣ್ಣ ದಿನನಿತ್ಯದ ಊಟದ ಹೊರತು ಬೇರೇನೂ ಇಲ್ಲವೆಂದ. ಪಾಸ್ಕಲ್ ನಂಬಲಿಲ್ಲ. ಅವನ ವ್ಯಾಪಾರದಲ್ಲಿ, ಒಳಗೆ ಏನೂ ಹೋಗದೆ ಮೂಟೆ ಭಾರವಾದದ್ದು ಇಲ್ಲ.

ಅಂದಿನಿಂದ ಉದ್ಯಾವರದಲ್ಲಿ ಮುದ್ದಣ್ಣನ ಬಾಯಿ ಸಾರ್ವಜನಿಕ ಸ್ವತ್ತಾಯಿತು. ಹೋಟೆಲಿನ ಕಿಟ್ಟ ಅವನಿಗೆ ಗೋಳಿಬಜೆ ಕೊಡುವುದಿಲ್ಲವೆಂದು ಎಲ್ಲರೆದುರು ಮಾತು ಕೊಟ್ಟ. ಸೊಸೈಟಿಗೆ ಹಣ ಕಟ್ಟಲು ಬಂದವರು ಕೌಂಟರಿನೊಳಗೆ ಇಣುಕಿ, ಮೇಜಿನ ಮೇಲೆ ಏನಾದರೂ ಪೊಟ್ಟಣ ಉಂಟೋ ಎಂದು ನೋಡಿ ಹೋಗತೊಡಗಿದರು. ಕಾರ್ಕಳದಿಂದ ಚಿಕ್ಕಮ್ಮ ಫೋನು ಮಾಡಿ ಹುರುಳಿ ಬೇಯಿಸಿದ ನೀರು ಕುಡಿಯಲು ಹೇಳಿದರು, ಅದನ್ನೂ ಕುಡಿದ. ಮುಂದಿನ ತೂಕದಲ್ಲಿ ಒಂದು ಗ್ರಾಮೂ ಇಳಿಯಲಿಲ್ಲ.

ಆಗ ಯಾರ ತಲೆಯಲ್ಲಿ ಹುಟ್ಟಿತೋ, ಒಂದು ಮಾತು ಹುಟ್ಟಿತು. ಮುದ್ದಣ್ಣನ ಹೆಂಡತಿ ಎಲ್ಲಿಯವಳು? ಎರ್ಮಾಳಿನವಳು. ಎರ್ಮಾಳಿನ ಕ್ಯಾಪ್ಟನ್ ಯಾರು? ಅವಳ ತಮ್ಮ. ಮುದ್ದಣ್ಣನ ತೂಕ ಹೆಚ್ಚಾದರೆ ಯಾರಿಗೆ ಲಾಭ? ಉತ್ತರವನ್ನು ಊರು ಸಂಜೆಯೊಳಗೆ ಕಂಡುಕೊಂಡಿತು. ಬೇಬಿ ಅನ್ನದೊಳಗೆ ತುಪ್ಪ ಹುಗಿದು ಬಡಿಸುತ್ತಿದ್ದಾಳೆ, ಇದು ತವರಿನವರ ಪಿತೂರಿ ಎಂದು ಮೀನಿನ ಮಾರ್ಕೆಟ್ಟಿನಲ್ಲೂ ಮಾತಾಯಿತು. ಬೇಬಿ ಬಂಗುಡೆ ಕೊಳ್ಳಲು ಹೋದರೆ, "ಇಷ್ಟೂ ನಿಮ್ಮ ಯಜಮಾನರಿಗಾ?" ಎಂದು ಕೇಳಿದರು.

ಮರುದಿನ ಪಾಸ್ಕಲ್ ತಂಡದ ಇಬ್ಬರನ್ನು ಹಿಂದಿಟ್ಟುಕೊಂಡು ಅವರ ಅಂಗಳಕ್ಕೇ ಬಂದ. ನೇರವಾಗಿ ಹೇಳುವ ಧೈರ್ಯವಿಲ್ಲದೆ, ತವರಿನ ಅಭಿಮಾನ ಎಲ್ಲರಿಗೂ ಇರುತ್ತದೆ, ಆದರೆ ಊರಿನ ಮಾನವೂ ಒಂದು ಉಂಟಲ್ಲ ಎಂದು ಸುತ್ತಿ ಬಳಸಿ ಹೇಳಿದ. ಬೇಬಿ ಪೂರ್ತಿ ಕೇಳಿದಳು. ಅವಳು ಮಾತು ಕಡಿಮೆಯವಳು, ಆದ್ದರಿಂದಲೇ ಅವಳು ಬಾಯಿ ಬಿಟ್ಟರೆ ಮುದ್ದಣ್ಣ ಬಾಗಿಲ ಮರೆಗೆ ಸರಿಯುತ್ತಿದ್ದ.

"ಇವರನ್ನು ಕರೆದುಕೊಂಡು ಹೋಗಿ ಪಾಸ್ಕಲಣ್ಣ," ಎಂದಳು. "ನಿಮ್ಮ ಮನೆಯಲ್ಲೇ ಇಟ್ಟು, ನಿಮ್ಮ ಕೈಯಾರೆ ಬಡಿಸಿ. ಒಂದು ವಾರದಲ್ಲಿ ತೂಕ ಇಳಿದರೆ ನಾನು ಕಳ್ಳಿ. ಇಳಿಯದಿದ್ದರೆ ನೀವು ತಂಡದವರನ್ನೆಲ್ಲ ಕರೆದುಕೊಂಡು ಇದೇ ಅಂಗಳದಲ್ಲಿ ನಿಂತು ತಪ್ಪಾಯಿತು ಎಂದು ಹೇಳಬೇಕು."

ಮುದ್ದಣ್ಣ ಎರಡು ಲುಂಗಿ, ಶೇವಿಂಗ್ ಸಾಮಾನಿನ ಚೀಲ ಹಿಡಿದುಕೊಂಡು ಹೊರಟ. ಚೀಲದಲ್ಲಿ ಮಾತ್ರೆಗಳಿದ್ದವು.

ಪಾಸ್ಕಲನ ಹೆಂಡತಿ ಬರ್ತಾಬಾಯಿ ಉಣಿಸಿ ಉಣಿಸಿಯೇ ಕೊಲ್ಲುವವಳೆಂದು ಹೆಸರಾದವಳು. ಅವಳಿಗೆ ಗಂಡ ಕಟ್ಟಪ್ಪಣೆ ಮಾಡಿದ: ಮೂರು ಹೊತ್ತೂ ಗಂಜಿಯ ತಿಳಿ, ಜೊತೆಗೆ ಒಂದು ಚೂರು ಉಪ್ಪಿನಕಾಯಿ, ಬೇರೇನೂ ಇಲ್ಲ. ನೀರಿಗೂ ತೂಕವಿದೆಯೆಂಬ ಜ್ಞಾನೋದಯವಾಗಿ ನೀರನ್ನೂ ಅಳೆದು ಕೊಡತೊಡಗಿದ. ಮುದ್ದಣ್ಣ ಖಾಲಿ ಹೊಟ್ಟೆಗೆ ಮಾತ್ರೆ ನುಂಗಿ, ಬಿಸಿಲಲ್ಲಿ ಬೆವರು ಸುರಿಸಿ ಹಗ್ಗ ಎಳೆದು, ಬಾಯಾರಿ ಬಂದು ತಿಳಿ ಕುಡಿದು ಮಲಗುತ್ತಿದ್ದ. ಹೊಟ್ಟೆಯಲ್ಲಿ ಉರಿ ಏಳುತ್ತಿತ್ತು. ಅದನ್ನು ಅವನು ಗೆಲ್ಲುವ ಛಲವೆಂದು ತಿಳಿದುಕೊಂಡ.

ವಾರ ಕಳೆದು ಯಂತ್ರ ಹತ್ತಿದರೆ ಅರವತ್ತೆರಡರ ಮೇಲೆ ಇನ್ನೂ ಸ್ವಲ್ಪ ಜಾಸ್ತಿ.

ಪಾಸ್ಕಲ್ ಮನೆಗೆ ಬಂದವನು ಹೆಂಡತಿಯನ್ನು ಮೇಲಿನಿಂದ ಕೆಳಗೆ ನೋಡಿದ. ಕನಿಕರಪಟ್ಟು ರಾತ್ರಿ ಏನಾದರೂ ಕೊಟ್ಟೆಯಾ ಎಂದು ಕೇಳಿದ್ದೇ ಅವನು ಮಾಡಿದ ತಪ್ಪು. ಮೂವತ್ತು ವರ್ಷ ಇಡೀ ಓಣಿಗೆ ಉಣಬಡಿಸಿದ ಬರ್ತಾಬಾಯಿ, ಒಂದು ವಾರ ಅತಿಥಿಗೆ ಬರೀ ತಿಳಿ ಕೊಟ್ಟು ನೊಂದುಕೊಂಡಿದ್ದವಳು, ಸೌಟನ್ನು ಗಂಡನ ಕೈಗೆ ಕೊಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ದಿನ ಮ್ಯಾನೇಜರನೂ ಆಟಗಾರನೂ ಎದುರುಬದುರು ಕೂತು ಗಂಜಿ ಕುಡಿದರು.

ಬೇಬಿ ಬಂದದ್ದು ಆಗಲೇ. ಅವಳು ತನಗೆ ಬರಬೇಕಾದ ಕ್ಷಮೆಯನ್ನು ವಸೂಲು ಮಾಡಲು ಬಂದವಳು, ಗಂಡನ ಮುಖ ನೋಡಿ ಅದನ್ನು ಮರೆತಳು. ಕಣ್ಣಿನ ಕೆಳಗೆ ಊದಿಕೊಂಡಿತ್ತು. ಕಾಲಿನ ಮೇಲೆ ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೆಯೇ ನಿಲ್ಲುತ್ತಿತ್ತು.

"ಉಂಗುರ ತೆಗೆಯಿರಿ," ಎಂದಳು.

ಮದುವೆಯ ಉಂಗುರ ಅದು, ಸ್ನಾನಕ್ಕೆ ಹೋಗುವಾಗ ದಿನವೂ ತೆಗೆದಿಡುತ್ತಿದ್ದದ್ದು. ಅವನು ಎಳೆದ, ಪಾಸ್ಕಲ್ ಎಳೆದ, ಸಾಬೂನು ಹಚ್ಚಿ ಇಬ್ಬರೂ ಎಳೆದರು. ಹಗ್ಗ ಎಳೆಯುವವರ ಕೈಯಿಂದ ಒಂದು ಉಂಗುರ ಬರಲಿಲ್ಲ.

"ಹೊಟ್ಟೆ ನೋಡಿದರೆ ಬೆನ್ನಿಗೆ ಹತ್ತಿದೆ, ಬೆರಳು ನೋಡಿದರೆ ಹೀಗೆ," ಎಂದಳು ಬೇಬಿ. "ಇದು ತಿಂದದ್ದರಿಂದ ಬಂದದ್ದಲ್ಲ ಪಾಸ್ಕಲಣ್ಣ. ಇವರ ಮೈಯಲ್ಲಿ ನೀರು ನಿಂತಿದೆ." ಹೇಳುವಾಗ ಅವಳ ಧ್ವನಿ ನಡುಗಿತು. ಕಳ್ಳಿ ಎಂದಾಗಲೂ ನಡುಗದ ಧ್ವನಿ ಅದು. ಪಾಸ್ಕಲನೇ ತನ್ನ ಪಿಕಪ್ ವ್ಯಾನಿನಲ್ಲಿ ಇಬ್ಬರನ್ನೂ ಮಣಿಪಾಲದ ಆಸ್ಪತ್ರೆಗೆ ಕರೆದೊಯ್ದ.

ಡಾಕ್ಟರ್ ಸಂಹಿತಾ ಸಣ್ಣ ಪ್ರಾಯದವರು, ಸಾವಧಾನದವರು. ಬಿ.ಪಿ. ನೋಡಿ ಹುಬ್ಬೇರಿಸಿ, ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಮುದ್ದಣ್ಣ ಎದೆಯುಬ್ಬಿಸಿ, ತಾನು ಮಾತ್ರೆ ಮುಟ್ಟುವವನೇ ಅಲ್ಲವೆಂದ. ನೋವಿಗೆ? ಇಲ್ಲ. ಜ್ವರಕ್ಕೆ? ಇಲ್ಲ. ಡಾಕ್ಟರ್ ಪೆನ್ನು ಕೆಳಗಿಟ್ಟು, ಹಾಗಾದರೆ ಅಭ್ಯಾಸಕ್ಕೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದರು.

"ಬಾವಮೈದುನ ಕೊಟ್ಟದ್ದು ಹಾಕುತ್ತೇನೆ," ಎಂದ ಮುದ್ದಣ್ಣ.

ಚೀಲದಿಂದ ಕಟ್ಟುಗಳು ಹೊರಬಂದವು. ಅರ್ಧಕ್ಕಿಂತ ಹೆಚ್ಚು ಖಾಲಿ. ಬೇಬಿ ಅವುಗಳನ್ನು ನೋಡಿದಳು, ಗಂಡನನ್ನು ನೋಡಿದಳು. ಮುದ್ದಣ್ಣನಿಗೆ ಸರಿಯಲು ಹತ್ತಿರದಲ್ಲಿ ಯಾವ ಬಾಗಿಲೂ ಇರಲಿಲ್ಲ.

"ಇದು ಮಾತ್ರೆ ಅಲ್ವಾ?" ಎಂದು ಡಾಕ್ಟರ್ ಕೇಳಿದರು.

"ಇದು ಗಲ್ಫಿನದ್ದು ಡಾಕ್ಟ್ರೇ."

ಡಾಕ್ಟರ್ ನಗಲಿಲ್ಲ. ಅದಕ್ಕೆ ಬಹಳ ಓದಿರಬೇಕು. ಈ ಜಾತಿಯ ನೋವಿನ ಮಾತ್ರೆ ಕೆಲವರ ಮೈಯಲ್ಲಿ ಉಪ್ಪನ್ನೂ ನೀರನ್ನೂ ಹೊರಗೆ ಬಿಡದೆ ಹಿಡಿದಿಡುತ್ತದೆ, ತೂಕ ಏರಿದ್ದು, ರಕ್ತದೊತ್ತಡ ಏರಿದ್ದು ಅದರಿಂದಲೇ ಇರಬೇಕು ಎಂದರು. ಬೆವರು ಹರಿಸಿ, ನೀರು ಕುಡಿಯದೆ ಇದನ್ನು ನುಂಗಿದರೆ ಮೂತ್ರಪಿಂಡಕ್ಕೇ ಪೆಟ್ಟು. ಖಾಲಿ ಹೊಟ್ಟೆಗೆ ಹಾಕಿದರೆ ಹೊಟ್ಟೆಯಲ್ಲಿ ಹುಣ್ಣು, ಕೆಲವರಿಗೆ ರಕ್ತವೇ ಹೋಗುತ್ತದೆ. ನೀರು ಅಳೆದು ಕೊಟ್ಟದ್ದು ಯಾರು ಎಂದು ಕೇಳಿದಾಗ ಪಾಸ್ಕಲ್ ಗೋಡೆಯ ಮೇಲಿದ್ದ ಹೃದಯದ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ.

"ಮೊಣಕಾಲು ನೋಯುವುದು ನಿಮಗೆ ಏನೋ ಹೇಳಲಿಕ್ಕೆ," ಎಂದರು ಡಾಕ್ಟರ್. "ನೀವು ಅದರ ಬಾಯಿಗೆ ಬಟ್ಟೆ ತುರುಕಿ ಕೆಲಸ ಮಾಡಿಸಿದ್ದೀರಿ."

ಮಾತ್ರೆ ಆ ಕ್ಷಣದಿಂದ ಬಂದ್. ರಕ್ತ, ಮೂತ್ರದ ಪರೀಕ್ಷೆ. ವರದಿಯಲ್ಲಿ ಮೂತ್ರಪಿಂಡದ ಲೆಕ್ಕ ಸ್ವಲ್ಪ ಏರಿತ್ತು. ಹಗ್ಗ ಮುಟ್ಟಬಾರದು, ವಾರ ಬಿಟ್ಟು ಮತ್ತೆ ಬನ್ನಿ ಎಂದರು. ಆ ವಾರ ಮುದ್ದಣ್ಣ ಮನೆಯ ಜಗಲಿಯಲ್ಲಿ ಕೂತು ಅಳುವುದೊಂದು ಬಾಕಿ. ಪಂದ್ಯ ಹತ್ತಿರ ಬರುತ್ತಿತ್ತು, ಜೀವನದಲ್ಲಿ ಒಮ್ಮೆ ಸಿಕ್ಕ ಜಾಗ ಕೈತಪ್ಪುತ್ತಿತ್ತು. ಬೇಬಿ ಬೈಯಲಿಲ್ಲ. ಹೊತ್ತುಹೊತ್ತಿಗೆ ಊಟ ಕೊಟ್ಟಳು, ನೀರು ಕೊಟ್ಟಳು, ಡಾಕ್ಟರ್ ಕಡೆಯವರು ತೋರಿಸಿದ ಕಾಲಿನ ವ್ಯಾಯಾಮವನ್ನು ಎದುರು ನಿಂತು ಮಾಡಿಸಿದಳು. ಒಂದು ಬೆಳಗ್ಗೆ ಸ್ನಾನಕ್ಕೆ ಹೋದವನು ಬಚ್ಚಲಿನಿಂದ ಕೂಗಿದ. ಅವಳು ಗಾಬರಿಯಿಂದ ಓಡಿದರೆ, ಉಂಗುರ ಅವನ ಅಂಗೈಯಲ್ಲಿತ್ತು.

ಎರಡನೆಯ ವರದಿ ಸರಿಯಿತ್ತು. ಡಾಕ್ಟರ್ ಒಪ್ಪಿದರು, ಒಂದು ಷರತ್ತಿನ ಮೇಲೆ: ನೋವು ಬಂದರೆ ಕಾಲಿನ ಜಾಗ ಬದಲಿಸಬೇಕು, ಬದಲಿಸಿದರೂ ನೋವು ಹೋಗದಿದ್ದರೆ ಹಗ್ಗ ಬಿಡಬೇಕು. ಮುಚ್ಚಿಡುವಂತಿಲ್ಲ.

ಈ ನಡುವೆ ಬೇಬಿ ತಮ್ಮನಿಗೆ ಫೋನು ಮಾಡಿ, ಆ ಮಾತ್ರೆ ನಿಲ್ಲಿಸಿ, ಎಲ್ಲರೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಬಿಡಿಸಿ ಹೇಳಿದಳು. ಕೀರ್ತನ್ ನಕ್ಕ. "ಅಕ್ಕ, ನಿನ್ನನ್ನು ಪಾಸ್ಕಲ್ ಕಳಿಸಿದ್ದಾ?" ಎಂದ. ಉದ್ಯಾವರದಲ್ಲಿ ಎರ್ಮಾಳಿನ ಗೂಢಚಾರಿಣಿಯಾಗಿದ್ದವಳು ಎರ್ಮಾಳಿನಲ್ಲಿ ಉದ್ಯಾವರದ ಗೂಢಚಾರಿಣಿಯಾದಳು. ಇಷ್ಟು ಕಡಿಮೆ ಮಾತಾಡಿ ಎರಡು ಊರಿನಲ್ಲಿ ಈ ಹೆಸರು ಪಡೆದವರು ಬೇರೆ ಇಲ್ಲ.

ಕಾಪುವಿನ ಮೈದಾನ ಆ ಸಂಜೆ ತುಂಬಿತ್ತು. ತೂಕಕ್ಕೆ ಮೊದಲು ಕರೆದದ್ದು ಉದ್ಯಾವರವನ್ನು. ಮುದ್ದಣ್ಣ ಹತ್ತಿದ. ಐವತ್ತೆಂಟೂವರೆ. ನಂಬಲಾರದೆ ಯಂತ್ರವನ್ನು ಒರೆಸಲು ಹೊರಟ ಪಾಸ್ಕಲನನ್ನು ಇಬ್ಬರು ಹಿಡಿದುಕೊಂಡರು. ತಂಡದ ಲೆಕ್ಕದಲ್ಲಿ ಒಂದೂವರೆ ಕಿಲೋ ಜಾಗ ಇನ್ನೂ ಉಳಿದಿತ್ತು. ಉದ್ಯಾವರದ ಇತಿಹಾಸದಲ್ಲಿ ಮೊದಲ ಸಲ ಮ್ಯಾನೇಜರನೇ ಓಡಿ ಹೋಗಿ ಒಂದು ತಟ್ಟೆ ಗೋಳಿಬಜೆ ತಂದು ಆಟಗಾರನ ಮುಂದೆ ಹಿಡಿದ. ಮುದ್ದಣ್ಣ ಎರಡು ತಿಂದು, ಎಳೆಯುವ ಮೊದಲು ಹೊಟ್ಟೆ ತುಂಬಿಸಬಾರದೆಂದು ದೊಡ್ಡ ಆಟಗಾರರ ಗಾಂಭೀರ್ಯದಿಂದ ಕೈ ಅಡ್ಡ ಹಿಡಿದ.

ಆಮೇಲೆ ಎರ್ಮಾಳು. ಅವರು ಒಟ್ಟು ತೂಕ ನೋಡಿದ್ದು ಕೀರ್ತನ್ ವಿಮಾನ ಇಳಿದ ವಾರದಲ್ಲಿ. ಆಗಲೇ ಐನೂರ ಇಪ್ಪತ್ತಕ್ಕೆ ಕೂದಲೆಳೆ ಕಡಿಮೆ ಇತ್ತು. ಪ್ರತಿವರ್ಷ ಗೆಲ್ಲುವವರು ಮತ್ತೆ ಯಾಕೆ ತೂಗುತ್ತಾರೆ? ಒಬ್ಬೊಬ್ಬನೇ ಹತ್ತಿದ. ಒಬ್ಬ ಅರ್ಧ ಕಿಲೋ ಹೆಚ್ಚು, ಇನ್ನೊಬ್ಬ ಒಂದೂವರೆ, ಕೀರ್ತನ್ ಎರಡು. ಎಲ್ಲ ಕೂಡಿಸಿ ನಾಲ್ಕು ಕಿಲೋ ಮೇಲೆ. ತೀರ್ಪುಗಾರರು ಎರಡು ಸಲ ಕೂಡಿಸಿದರು. ಎರ್ಮಾಳಿನವರು ಯಂತ್ರ ಉದ್ಯಾವರದ್ದೋ ಎಂದು ಗಲಾಟೆ ಎಬ್ಬಿಸಿದರು. ಅದು ಕಾಪುವಿನದ್ದೇ ಆಗಿತ್ತು.

ಗಲಾಟೆಯ ನಡುವೆ ಬೇಬಿ ಹೆಂಗಸರ ಸಾಲಿನಿಂದ ಎದ್ದು ನೇರ ತಮ್ಮನ ಹತ್ತಿರ ಹೋದಳು.

"ಕೀರ್ತ, ಉಂಗುರ ತೆಗೆ," ಎಂದಳು.

ಅವನು ಸಿಟ್ಟಿನಿಂದಲೇ ಎಳೆದ. ಬರಲಿಲ್ಲ. ತಿರುಗಿಸಿ ಎಳೆದ. ಆಮೇಲೆ ಅವನ ಮುಖದ ಸಿಟ್ಟು ಇಳಿಯಿತು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ನಾಲ್ಕು ದಿನದಿಂದ ಉರಿ ಎಂದು ಅಕ್ಕನಿಗೊಬ್ಬಳಿಗೇ ಕೇಳುವಂತೆ ಹೇಳಿದ. ನಾಳೆ ಬೆಳಗ್ಗೆ ಮಣಿಪಾಲಕ್ಕೆ, ನಾನೇ ಬರುತ್ತೇನೆ ಎಂದಳು ಅವಳು. ಕೀರ್ತನ್ ತಾನೇ ತಂಡದಿಂದ ಇಳಿದ, ಅವನ ಜಾಗಕ್ಕೆ ಹಗುರದವನೊಬ್ಬ ಬಂದ. ಕ್ಯಾಪ್ಟನ್ ಇಳಿದರೂ ಎರ್ಮಾಳು ಎರ್ಮಾಳೇ. ಮೊದಲ ಸುತ್ತು ಅವರೇ ಗೆದ್ದರು. ಎರಡನೆಯದು ಹೇಗೋ ಉದ್ಯಾವರಕ್ಕೆ ಬಂತು.

ಮೂರನೆಯ ಸುತ್ತಿನಲ್ಲಿ ಹಗ್ಗ ಎರಡೂ ಕಡೆ ಕದಲದೆ ನಿಂತಿತು. ಎಳೆಯಲು ಕೂಗು ಹಾಕಬೇಕಾದ ಪಾಸ್ಕಲನ ಗಂಟಲು ಅಷ್ಟರಲ್ಲಿ ಬಿದ್ದುಹೋಗಿತ್ತು. ಹಗ್ಗದ ಮುಂತುದಿಯಲ್ಲಿದ್ದ ಮುದ್ದಣ್ಣನ ಬಲ ಮೊಣಕಾಲು ಆಗ ಚುರುಕ್ ಎಂದಿತು. ಷರತ್ತಿನ ಪ್ರಕಾರ ಅವನು ಮುಚ್ಚಿಡಲಿಲ್ಲ. "ಅಯ್ಯಮ್ಮಾ" ಎಂದು ಮೈದಾನ ಕೇಳುವ ಹಾಗೆ ಕೂಗಿ, ಕಾಲು ಕಿತ್ತು ಬೇರೆ ಜಾಗದಲ್ಲಿ ಊರಿದ. ಹಿಂದಿದ್ದ ಏಳು ಜನಕ್ಕೆ ಕೂಗು ಕೇಳಿದರೆ ಎಳೆಯುವುದೊಂದೇ ಗೊತ್ತು. ಎಳೆದರು. ಹಗ್ಗ ಒಂದು ಗೇಣು ಬಂತು.

ಹೊಸ ಜಾಗದಲ್ಲಿ ನೋವು ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಚುರುಕ್ ಎಂದಿತು. ಮತ್ತೆ "ಅಯ್ಯಮ್ಮಾ", ಮತ್ತೆ ಕಾಲು ಹೊಸ ಮಣ್ಣಿಗೆ, ಮತ್ತೆ ಒಂದು ಗೇಣು. ಎರ್ಮಾಳಿನವರು ಇದೊಂದು ಹೊಸ ತಂತ್ರವೆಂದು ಬೆಚ್ಚಿದರು. ಉದ್ಯಾವರದ ಜನ ಏನೂ ಅರ್ಥವಾಗದೆಯೇ ಒಟ್ಟಿಗೆ "ಅಯ್ಯಮ್ಮಾ" ಎಂದು ಕೂಗತೊಡಗಿದರು. ಕಾಪುವಿನ ಕಡಲ ಸದ್ದು ಅಡಗಿಹೋಯಿತು. ಕೊನೆಯ ಕೂಗಿಗೆ ಹಗ್ಗದ ನಡುವಿನ ಕೆಂಪು ಬಟ್ಟೆ ಗೆರೆ ದಾಟಿ ಉದ್ಯಾವರದ ಕಡೆಗೆ ಬಂದು ಬಿತ್ತು. ಅದರ ಹಿಂದೆಯೇ ಮುದ್ದಣ್ಣನೂ ಬಿದ್ದ, ಆದರೆ ಗೆದ್ದು ಬಿದ್ದ.

ಅವನನ್ನು ಹೆಗಲ ಮೇಲೆ ಹೊತ್ತು ವೇದಿಕೆಗೆ ತಂದರು. ಶಾಲು ಹೊದಿಸಿದರು, ಗೆದ್ದ ಕಪ್ಪನ್ನು ಕೈಗಿತ್ತರು, ಮೈಕು ಬಾಯಿಗೆ ಹಿಡಿದು, ಈ ಪ್ರಾಯದಲ್ಲಿ ಇಂಥ ಬಲದ ಗುಟ್ಟೇನು ಎಂದು ಕೇಳಿದರು. ಇಷ್ಟು ವರ್ಷ ಇಂಥದ್ದೊಂದು ಪ್ರಶ್ನೆಗೆ ಮನಸ್ಸಿನಲ್ಲೇ ಉತ್ತರ ತಯಾರಿಟ್ಟುಕೊಂಡವನು, ಹೆಂಗಸರ ಸಾಲಿನಲ್ಲಿ ಬೇಬಿ ನೋಡುತ್ತಿರುವುದನ್ನು ಕಂಡು ಅದನ್ನು ನುಂಗಿದ.

"ಮೊಣಕಾಲು ನೋಯುತ್ತದೆ ಮಾರಾಯ್ರೆ," ಎಂದ. "ಒಂದು ಕುರ್ಚಿ ಕೊಡಿ."

ಆ ಚಪ್ಪಾಳೆ ಎರ್ಮಾಳಿನ ಕಡೆಯಿಂದಲೂ ಬಂತು.

ಮರುದಿನ ಬೇಬಿ ತಮ್ಮನನ್ನು ಮಣಿಪಾಲದಲ್ಲಿ ತೋರಿಸಿ ಬರುವಷ್ಟರಲ್ಲಿ ಎಂಟು ಆಟಗಾರರೂ ಅವಳ ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ಎಂಟನೆಯವನು ಅವಳ ಗಂಡ. ಪಾಸ್ಕಲ್ ಮುಂದೆ ಬಂದು, ಬಿದ್ದ ಗಂಟಲಿನಲ್ಲಿ, "ತಪ್ಪಾಯಿತು ಬೇಬಿಯಕ್ಕ" ಎಂದ. ಅವಳಿಗೆ ಕಣ್ಣು ತುಂಬಿತು. ಒರೆಸಿಕೊಂಡು, ಬರ್ತಾಬಾಯಿಗೆ ಹೇಳಿ ಆಯಿತಾ ಎಂದು ಕೇಳಿದಳು. ಪಾಸ್ಕಲ್ ನೆಲ ನೋಡಿದ.

ಎಲ್ಲರೂ ಅಲ್ಲಿಂದ ಹಾಗೆಯೇ ಪಾಸ್ಕಲನ ಮನೆಗೆ ನಡೆದರು, ಬೇಬಿ ಮುಂದೆ, ಕೀರ್ತನ್ ಹಿಂದೆ. ಬರ್ತಾಬಾಯಿ ಬಾಗಿಲಲ್ಲಿ ನಿಂತು ಗಂಡನ ತಪ್ಪೊಪ್ಪಿಗೆಯನ್ನು ಎರಡು ಸಲ ಹೇಳಿಸಿ ಕೇಳಿದಳು. ಆಮೇಲೆ ಎಲ್ಲರನ್ನೂ ಕೂರಿಸಿ ಕೋಳಿ ಸಾರು, ಇಡ್ಲಿಯಂಥ ಬಿಳಿ ಸನ್ನಣ ಬಡಿಸಿದಳು. ಡಾಕ್ಟರ್ ಹೇಳಿದಂತೆ ಕೀರ್ತನನಿಗೆ ಖಾರವಿಲ್ಲದ್ದನ್ನು ಬೇರೆಯೇ ಕೊಟ್ಟಳು. ಪಾಸ್ಕಲನ ಮುಂದೆ ಒಂದು ಬಟ್ಟಲು ಗಂಜಿಯ ತಿಳಿ, ಒಂದು ಚೂರು ಉಪ್ಪಿನಕಾಯಿ ಇಟ್ಟಳು.

ಕೀರ್ತನ್ ಸನ್ನಣದ ತಟ್ಟೆಯನ್ನು ಮುದ್ದಣ್ಣನ ಕಡೆ ಸರಿಸಿದ.

"ಬಾವನಿಗೆ ಇನ್ನೊಂದು ಹಾಕಿ," ಎಂದ. ಮುಂದಿನ ಮಾತನ್ನು ಈ ಸಲ ಹೇಳಲಿಲ್ಲ.

ಮುದ್ದಣ್ಣ ಎರಡು ಹಾಕಿಸಿಕೊಂಡ.